ಹಳ್ಳಕ್ಕೊಂದು ಸಂಕ: ತಂಡವಾಗಿ ಯೋಚಿಸೋಣ, ಮಾಡಿ ನೋಡೋಣ

ಮಕ್ಕಳೇ, ನಿಮ್ಮ ಶಾಲೆಗೂ ಮನೆಗೂ ನಡುವೆ ಎಷ್ಟು ಹಳ್ಳಗಳಿವೆ? ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹಲವು ಹಳ್ಳಿಗಳಲ್ಲಿ ಈ ಪ್ರಶ್ನೆಗೆ 'ಒಂದು', 'ಎರಡು', 'ಮೂರು' ಎಂದೆಲ್ಲ ಉತ್ತರ ಬರುತ್ತದೆ. ನಮ್ಮದು ಘಟ್ಟದ ನೆತ್ತಿಯ ನಾಡು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಸಿದ್ದಾಪುರದ ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕುತ್ತದೆ. ಬೇಡ್ತಿ ನದಿ ಯಲ್ಲಾಪುರದ ಮಾಗೋಡಿನಲ್ಲಿ ಧುಮುಕಿ, ಮುಂದೆ ಗಂಗಾವಳಿ ಎಂಬ ಹೆಸರಿನಲ್ಲಿ ಕಡಲು ಸೇರುತ್ತದೆ. ಈ ನದಿಗಳಿಗೆ ನೀರು ಬರುವುದು ನಮ್ಮ ತೋಟ, ಗದ್ದೆ, ಬೆಟ್ಟಗಳ ನಡುವೆ ಹರಿಯುವ ನೂರಾರು ಹಳ್ಳಗಳಿಂದ.

ಬೇಸಿಗೆಯಲ್ಲಿ ಈ ಹಳ್ಳಗಳನ್ನು ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಬಹುದು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಕಥೆಯೇ ಬೇರೆ. ಆಗ ಊರಿನವರು ಎರಡೋ ಮೂರೋ ಅಡಿಕೆ ಮರಗಳನ್ನು ಅಡ್ಡ ಹಾಕಿ ಕಾಲುಸಂಕ ಕಟ್ಟುತ್ತಾರೆ. ಆ ಸಂಕದ ಮೇಲೆ ಶಾಲೆಯ ಮಕ್ಕಳು ಹೋಗಬೇಕು, ಹಾಲಿನ ಕ್ಯಾನು ಹೋಗಬೇಕು, ಕಾಯಿಲೆಯಾದವರೂ ಹೋಗಬೇಕು. ಸಂಕ ಜಾರಿದರೆ ಅಥವಾ ಮುರಿದರೆ ಜೀವಕ್ಕೇ ಅಪಾಯ. ಹಳ್ಳ ತುಂಬಿದ ದಿನ ಎಷ್ಟೋ ಮಕ್ಕಳು ಶಾಲೆಗೆ ಬರಲಾಗದೆ ಮನೆಯಲ್ಲೇ ಉಳಿಯುತ್ತಾರೆ.

ಇದು ನಮ್ಮೂರಿನ ನಿಜವಾದ ಸಮಸ್ಯೆ. ಒಬ್ಬ ಇಂಜಿನಿಯರ್ ಇಂಥ ಸಮಸ್ಯೆಯನ್ನು ಹೇಗೆ ಬಿಡಿಸುತ್ತಾರೆ? ಅದೇ ದಾರಿಯಲ್ಲಿ ನಾವೂ ನಾಲ್ಕೈದು ಮಂದಿಯ ತಂಡ ಕಟ್ಟಿಕೊಂಡು ಹೋಗಿ ನೋಡೋಣ. ಈ ದಾರಿಗೆ 'ವಿನ್ಯಾಸದ ಹಾದಿ' ಎಂದು ಹೆಸರಿಡೋಣ.

ವಿಜ್ಞಾನಿ ಮತ್ತು ಇಂಜಿನಿಯರ್

ವಿಜ್ಞಾನಿಗಳು 'ಇದು ಹೀಗೇಕೆ ಆಗುತ್ತದೆ?' ಎಂದು ಕೇಳುತ್ತಾರೆ. ಇಂಜಿನಿಯರುಗಳು 'ಹೇಗೆ ಮಾಡಿದರೆ ಈ ಕೆಲಸ ಆಗುತ್ತದೆ?' ಎಂದು ಕೇಳುತ್ತಾರೆ. ಮರ ಏಕೆ ಬಾಗುತ್ತದೆ ಎಂಬುದು ವಿಜ್ಞಾನದ ಪ್ರಶ್ನೆ. ಬಾಗದ ಹಾಗೆ ಸಂಕ ಕಟ್ಟುವುದು ಹೇಗೆ ಎಂಬುದು ಇಂಜಿನಿಯರಿಂಗ್ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಬೇಕಾದರೆ ಮೊದಲನೆಯದೂ ಗೊತ್ತಿರಬೇಕು. ಇನ್ನೊಂದು ವ್ಯತ್ಯಾಸವೂ ಇದೆ. ಇಂಜಿನಿಯರಿಂಗ್ ಪ್ರಶ್ನೆಗೆ ಒಂದೇ ಸರಿಯುತ್ತರ ಇರುವುದಿಲ್ಲ. ಹಲವು ಉತ್ತರಗಳಲ್ಲಿ ನಮ್ಮ ಜಾಗಕ್ಕೆ, ನಮ್ಮ ಹಣಕ್ಕೆ, ನಮ್ಮ ಸಾಮಾನಿಗೆ ಹೊಂದುವಂಥದ್ದನ್ನು ಆರಿಸಬೇಕು.

ಹೆಜ್ಜೆ 1: ಸಮಸ್ಯೆಯನ್ನು ಸರಿಯಾಗಿ ತಿಳಿಯಿರಿ

'ನಮಗೆ ಸಂಕ ಬೇಕು' ಎಂದರೆ ಸಾಲದು. ಯಾರಿಗೆ ಬೇಕು? ಯಾವಾಗ ಬೇಕು? ಎಷ್ಟು ಹೊರೆ ಹೊರಬೇಕು? ಇವನ್ನು ಊರಿನ ಹಿರಿಯರನ್ನು ಕೇಳಿ ಪಟ್ಟಿ ಮಾಡಿ.

- ದಿನಕ್ಕೆ ಎಷ್ಟು ಜನ ಈ ಹಳ್ಳ ದಾಟುತ್ತಾರೆ? ಅವರಲ್ಲಿ ಮಕ್ಕಳೆಷ್ಟು, ಮುದುಕರೆಷ್ಟು?
- ತಲೆಯ ಮೇಲೆ ಹೊರೆ ಹೊತ್ತು ದಾಟುವವರಿದ್ದಾರೆಯೇ?
- ದೊಡ್ಡ ಮಳೆ ಬಂದ ವರ್ಷ ನೀರು ಎಲ್ಲಿಯವರೆಗೆ ಏರಿತ್ತು?
- ಹಳೆಯ ಸಂಕ ಹಾಳಾದದ್ದು ಹೇಗೆ? ಮುರಿಯಿತೇ, ಕೊಳೆಯಿತೇ, ತೇಲಿಹೋಯಿತೇ?

ಕೊನೆಯ ಪ್ರಶ್ನೆ ಬಹಳ ಮುಖ್ಯ. ಸಂಕ ಕೊಳೆತು ಹಾಳಾಗಿದ್ದರೆ ಇನ್ನೂ ದಪ್ಪದ ಮರ ಹಾಕಿ ಪ್ರಯೋಜನವಿಲ್ಲ. ಅದು ತೇಲಿಹೋಗಿದ್ದರೆ ಎತ್ತರ ಸಾಲದಾಗಿತ್ತು ಎಂದು ಅರ್ಥ. ರೋಗ ತಿಳಿಯದೆ ಔಷಧಿ ಕೊಡಬಾರದು ಅಲ್ಲವೇ?

ನೀರು ಏರಿದ ಮಟ್ಟವನ್ನು ಹಳ್ಳವೇ ಬರೆದಿಟ್ಟಿರುತ್ತದೆ. ಮಳೆಗಾಲ ಮುಗಿದ ಮೇಲೆ ದಡದ ಗಿಡಗಂಟಿಗಳನ್ನು ನೋಡಿ. ಕೊಂಬೆಗಳಲ್ಲಿ ದರಕು, ಹುಲ್ಲು, ಕಸ ಸಿಕ್ಕಿಕೊಂಡಿರುತ್ತವೆ. ಪ್ರವಾಹದ ನೀರು ಅಷ್ಟು ಎತ್ತರಕ್ಕೆ ಬಂದಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ.

ಎಚ್ಚರಿಕೆ: ಅಳತೆ ಮಾಡುವ ಕೆಲಸ ಬೇಸಿಗೆಯದು. ಹಳ್ಳದಲ್ಲಿ ನೀರು ಇಳಿದ ಮೇಲೆ, ಶಿಕ್ಷಕರು ಅಥವಾ ಮನೆಯ ಹಿರಿಯರ ಜೊತೆಗೇ ಹೋಗಿ. ಮಳೆಗಾಲದಲ್ಲಿ ತುಂಬಿದ ಹಳ್ಳದ ಹತ್ತಿರ ಯಾರೂ ಹೋಗಬಾರದು.

ಹೆಜ್ಜೆ 2: ಬೇಕು–ಬೇಡಗಳನ್ನು ಲೆಕ್ಕದಲ್ಲಿ ಬರೆಯಿರಿ

'ಗಟ್ಟಿಯಾಗಿರಬೇಕು' ಎಂಬ ಮಾತನ್ನು ಪರೀಕ್ಷಿಸಲು ಆಗುವುದಿಲ್ಲ. 'ಇಷ್ಟು ಕಿಲೋ ಹೊರಬೇಕು' ಎಂದರೆ ಪರೀಕ್ಷಿಸಬಹುದು. ಹಾಗಾಗಿ ಇಂಜಿನಿಯರುಗಳು ಎಲ್ಲವನ್ನೂ ಅಂಕಿಗಳಲ್ಲಿ ಬರೆದುಕೊಳ್ಳುತ್ತಾರೆ. ಉದಾಹರಣೆಗೆ ಒಂದು ಹಳ್ಳವನ್ನು ತೆಗೆದುಕೊಳ್ಳೋಣ.

ಹಳ್ಳದ ಅಗಲ 4 ಮೀಟರ್ ಇದೆ. ಎರಡು ದಡಗಳ ಮೇಲೂ ಅರ್ಧ ಅರ್ಧ ಮೀಟರ್ ಕೂರಬೇಕು. ಹಾಗಾದರೆ ಮರದ ಉದ್ದ 5 ಮೀಟರ್.

ಒಬ್ಬ ದೊಡ್ಡವರ ತೂಕ 60 ಕಿಲೋ, ಹೊರೆ 30 ಕಿಲೋ ಎಂದುಕೊಳ್ಳಿ. ಒಟ್ಟು 90 ಕಿಲೋ ಆಯಿತು. ಒಮ್ಮೆಗೆ ಇಬ್ಬರು ದಾಟಿದರೆ 180 ಕಿಲೋ. ಇಷ್ಟಕ್ಕೇ ಸರಿಯಾಗಿ ಸಂಕ ಕಟ್ಟಿದರೆ ಸಾಕೇ? ಸಾಲದು. ಮರದಲ್ಲಿ ಕಾಣದ ಬಿರುಕು ಇರಬಹುದು, ಯಾರೋ ಓಡುತ್ತ ಬರಬಹುದು, ಮಳೆಯಲ್ಲಿ ನೆನೆದು ಮರದ ಬಲ ಕಡಿಮೆಯಾಗಬಹುದು. ಆದ್ದರಿಂದ ಇಂಜಿನಿಯರುಗಳು ಬೇಕಾದದ್ದಕ್ಕಿಂತ ಕೆಲವು ಪಟ್ಟು ಹೆಚ್ಚು ಬಲ ಇಡುತ್ತಾರೆ. ಇದಕ್ಕೆ ಸುರಕ್ಷಾ ಗುಣಕ ಎಂದು ಹೆಸರು. ನಾವು ಮೂರು ಪಟ್ಟು ಎಂದು ಇಟ್ಟುಕೊಂಡರೆ 180 × 3 = 540 ಕಿಲೋ.

ಇದರ ಜೊತೆಗೆ ಮಿತಿಗಳನ್ನೂ ಬರೆಯಿರಿ. ಹಳ್ಳದ ನಡುವೆ ಕಂಬ ನಿಲ್ಲಿಸಲು ಆಗುತ್ತದೆಯೇ? ಲಾರಿ ಬರುವ ದಾರಿ ಇದೆಯೇ? ಊರಿನಲ್ಲೇ ಸಿಗುವ ಸಾಮಾನು ಯಾವುದು? ಮಿತಿ ಎಂದರೆ ತೊಂದರೆ ಎಂದು ತಿಳಿಯಬೇಡಿ. ಒಳ್ಳೆಯ ಯೋಚನೆಗಳು ಎಷ್ಟೋ ಸಲ ಮಿತಿಯಿಂದಲೇ ಹುಟ್ಟುತ್ತವೆ.

ಅಂಥ ಒಂದು ಯೋಚನೆ: ಅರಂಬೂರಿನ ತೂಗುಸೇತುವೆ

ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯದ ಗಿರೀಶ್ ಭಾರದ್ವಾಜ್ ಓದಿದ್ದು ಯಂತ್ರಗಳ ಇಂಜಿನಿಯರಿಂಗ್. ಸುಳ್ಯದ ಹತ್ತಿರದ ಅರಂಬೂರಿನ ಜನ ಪಯಸ್ವಿನಿ ಹೊಳೆ ದಾಟಲು ಪಡುತ್ತಿದ್ದ ಕಷ್ಟ ಕಂಡು, ಅವರು 1989ರಲ್ಲಿ ಅಲ್ಲೊಂದು ತೂಗುಸೇತುವೆ ಕಟ್ಟಿದರು. ತೂಗುಸೇತುವೆಗೆ ಹೊಳೆಯ ನಡುವೆ ಕಂಬ ಬೇಡ. ಎರಡು ದಡಗಳ ಗೋಪುರಗಳ ನಡುವೆ ಉಕ್ಕಿನ ಹಗ್ಗ ಬಿಗಿದು, ಅದಕ್ಕೆ ನಡೆಯುವ ಹಾದಿಯನ್ನು ತೂಗುಹಾಕುತ್ತಾರೆ. ಪ್ರವಾಹ ಕೆಳಗಿನಿಂದ ಹರಿದುಹೋಗುತ್ತದೆ. ಹೊಳೆ ದಾಟುವ ಜನಕ್ಕೆ ಬೇಕಾದ ಸೇತುವೆ ಅದು, ಬಸ್ಸು ಲಾರಿಗಳಿಗಲ್ಲ. ಹಾಗಾಗಿ ದೊಡ್ಡ ಸೇತುವೆಯ ಖರ್ಚೂ ಇಲ್ಲ. ಆಮೇಲೆ ಅವರು ಕರ್ನಾಟಕದಲ್ಲೂ ಬೇರೆ ರಾಜ್ಯಗಳಲ್ಲೂ ಇಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ನಮ್ಮ ಶಿರಸಿಯ ಸಹಸ್ರಲಿಂಗದ ಬಳಿ ಶಾಲ್ಮಲಾ ನದಿಗೆ ಇರುವ ತೂಗುಸೇತುವೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು.

ಮೇಘಾಲಯದ ಖಾಸಿ ಬೆಟ್ಟಗಳ ಜನ ಬೇರೆಯೇ ಉತ್ತರ ಕಂಡುಕೊಂಡಿದ್ದಾರೆ. ಅವರು ಹಳ್ಳದ ದಡದಲ್ಲಿ ಬೆಳೆದ ರಬ್ಬರ್ ಆಲದ ಬೇರುಗಳನ್ನು ಆಚೆ ದಡಕ್ಕೆ ಹಬ್ಬಿಸಿ ಜೀವಂತ ಸೇತುವೆ ಮಾಡುತ್ತಾರೆ. ಅದು ಸಿದ್ಧವಾಗಲು ಹತ್ತಾರು ವರ್ಷ ಬೇಕು. ಆದರೆ ಮರ ಬದುಕಿರುವವರೆಗೂ ಅದು ಕೊಳೆಯುವುದಿಲ್ಲ, ಬೆಳೆದಂತೆ ಗಟ್ಟಿಯಾಗುತ್ತ ಹೋಗುತ್ತದೆ!

ಹೆಜ್ಜೆ 3: ಯೋಚನೆಗಳ ರಾಶಿ ಹಾಕಿ

ಈಗ ತಂಡದ ಪ್ರತಿಯೊಬ್ಬರೂ ಬೇರೆ ಬೇರೆ ಕುಳಿತು ಎರಡೆರಡು ಚಿತ್ರ ಬರೆಯಿರಿ. ಹತ್ತು ನಿಮಿಷ ಯಾರೂ ಯಾರೊಂದಿಗೂ ಮಾತಾಡಬೇಡಿ. ಏಕೆ ಗೊತ್ತೇ? ಮೊದಲೇ ಮಾತಿಗೆ ತೊಡಗಿದರೆ ಜೋರಾಗಿ ಮಾತಾಡುವವರ ಯೋಚನೆಯೇ ಗೆಲ್ಲುತ್ತದೆ. ಸುಮ್ಮನಿರುವವರ ಒಳ್ಳೆಯ ಯೋಚನೆ ಹೊರಗೆ ಬರುವುದೇ ಇಲ್ಲ. ಆಮೇಲೆ ಚಿತ್ರಗಳನ್ನೆಲ್ಲ ನೆಲದ ಮೇಲೆ ಹರಡಿ. ಈ ಹಂತದಲ್ಲಿ 'ಇದು ಆಗದ ಕೆಲಸ' ಎಂದು ಯಾರೂ ನಗಬಾರದು.

ಹೆಜ್ಜೆ 4: ಒಂದನ್ನು ಆರಿಸಿ

ಆರಿಸುವಾಗ ಜಗಳ ಬರುವುದು ಸಹಜ. ಅದಕ್ಕೆ ಅಂಕಪಟ್ಟಿ ಒಳ್ಳೆಯ ಉಪಾಯ. ಬೇಕಾದ ಗುಣಗಳನ್ನು ಬರೆದು, ಪ್ರತಿ ವಿನ್ಯಾಸಕ್ಕೂ 5ರಲ್ಲಿ ಅಂಕ ಕೊಡಿ. ಒಂದು ತಂಡ ಹೀಗೆ ಅಂಕ ಕೊಟ್ಟಿತು ಎಂದುಕೊಳ್ಳಿ:

ಅಡಿಕೆ ಮರದ ಸಂಕ: ಗಟ್ಟಿತನ 2, ಜಾರದಿರುವುದು 1, ಸಾಮಾನು ಸಿಗುವುದು 5, ದುರಸ್ತಿ ಸುಲಭ 5. ಒಟ್ಟು 13.

ಬಿದಿರಿನ ತ್ರಿಕೋನ ಸಂಕ, ಹಿಡಿಕೆ ಸಹಿತ: ಗಟ್ಟಿತನ 4, ಜಾರದಿರುವುದು 4, ಸಾಮಾನು ಸಿಗುವುದು 4, ದುರಸ್ತಿ ಸುಲಭ 3. ಒಟ್ಟು 15.

ತೂಗುಸಂಕ: ಗಟ್ಟಿತನ 4, ಜಾರದಿರುವುದು 3, ಸಾಮಾನು ಸಿಗುವುದು 2, ದುರಸ್ತಿ ಸುಲಭ 2. ಒಟ್ಟು 11.

ಮಕ್ಕಳ ಸುರಕ್ಷತೆಯೇ ಮುಖ್ಯ ಎನಿಸಿದರೆ 'ಜಾರದಿರುವುದು' ಎಂಬ ಗುಣದ ಅಂಕವನ್ನು ಎರಡು ಪಟ್ಟು ಮಾಡಿ. ಆಗ ಒಟ್ಟು ಅಂಕ ಎಷ್ಟೆಷ್ಟಾಗುತ್ತದೆ? ನೀವೇ ಕೂಡಿ ನೋಡಿ. ಅಂಕ ಕೊಟ್ಟವರು 'ಏಕೆ ಇಷ್ಟು ಕೊಟ್ಟೆ' ಎಂದು ಕಾರಣ ಹೇಳಲೇಬೇಕು. ಕಾರಣ ಇಲ್ಲದ ಅಂಕ ಲೆಕ್ಕಕ್ಕಿಲ್ಲ.

ಹೆಜ್ಜೆ 5: ಮಾದರಿ ಮಾಡಿ

ನಿಜವಾದ ಸಂಕ ಕಟ್ಟುವ ಮೊದಲು ಚಿಕ್ಕ ಮಾದರಿ ಮಾಡಬೇಕು. 1 ಮೀಟರಿಗೆ 10 ಸೆಂಟಿಮೀಟರ್ ಎಂಬ ಪ್ರಮಾಣ ಇಟ್ಟುಕೊಂಡರೆ 4 ಮೀಟರ್ ಹಳ್ಳ 40 ಸೆಂ.ಮೀ. ಆಗುತ್ತದೆ. ಎರಡು ಬೆಂಚುಗಳನ್ನು 40 ಸೆಂ.ಮೀ. ದೂರದಲ್ಲಿಟ್ಟರೆ ಅದೇ ನಿಮ್ಮ ಹಳ್ಳ! ಅದಕ್ಕೆ 50 ಸೆಂ.ಮೀ. ಉದ್ದದ ಸಂಕ ಬೇಕು. ಬಿದಿರಿನ ಸಿಬಿರು, ತೆಂಗಿನ ಗರಿಯ ಕಡ್ಡಿ, ಅಡಿಕೆ ದಬ್ಬೆಯ ಸಪೂರ ತುಂಡು, ಗೋಣಿ ದಾರ, ಅಂಟು ಇಷ್ಟು ಸಾಕು. ದಬ್ಬೆ, ಬಿದಿರು ಸೀಳುವ ಕೆಲಸವನ್ನು ದೊಡ್ಡವರಿಂದ ಮಾಡಿಸಿಕೊಳ್ಳಿ.

ಮಾಡುವ ಮೊದಲು ಈ ಮೂರು ಪ್ರಯೋಗಗಳನ್ನು ಮಾಡಿ ನೋಡಿ.

ಮಾಡಿ ನೋಡಿ 1: 30 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಎರಡು ಪುಸ್ತಕಗಳ ನಡುವೆ ಮಲಗಿಸಿ ಇಟ್ಟು ನಡುವೆ ಬೆರಳಿನಿಂದ ಒತ್ತಿ. ಸುಲಭವಾಗಿ ಬಾಗುತ್ತದೆ. ಈಗ ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿ. ಬಾಗುವುದೇ ಇಲ್ಲ ಎನ್ನಬಹುದು. ಪಟ್ಟಿ ಅದೇ, ಪ್ಲಾಸ್ಟಿಕ್ಕೂ ಅಷ್ಟೇ. ಬದಲಾದದ್ದು ಎತ್ತರ ಮಾತ್ರ. ಒಂದು ತೊಲೆಯ ಎತ್ತರವನ್ನು ಎರಡು ಪಟ್ಟು ಮಾಡಿದರೆ ಬಾಗದಿರುವ ಗುಣ ಎಂಟು ಪಟ್ಟಾಗುತ್ತದೆ. ಅಗಲವನ್ನು ಎರಡು ಪಟ್ಟು ಮಾಡಿದರೆ ಎರಡೇ ಪಟ್ಟು. ನಿಮ್ಮ ಮನೆಯ ಮಾಡಿನ ತೊಲೆಗಳನ್ನು ಹೇಗೆ ಇಟ್ಟಿದ್ದಾರೆ, ಗಮನಿಸಿ.

ಮಾಡಿ ನೋಡಿ 2: ನಾಲ್ಕು ಕಡ್ಡಿಗಳ ತುದಿಗಳನ್ನು ದಾರದಿಂದ ಕಟ್ಟಿ ಚೌಕ ಮಾಡಿ. ಮೂಲೆ ಹಿಡಿದು ಒತ್ತಿದರೆ ಅದು ಓರೆಯಾಗುತ್ತದೆ. ಮೂರು ಕಡ್ಡಿಗಳಿಂದ ತ್ರಿಕೋನ ಮಾಡಿ ಒತ್ತಿ. ಅದು ತನ್ನ ಆಕಾರ ಬಿಡುವುದಿಲ್ಲ. ಚೌಕಕ್ಕೆ ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಕಟ್ಟಿದರೆ ಎರಡು ತ್ರಿಕೋನಗಳಾಗಿ ಅದೂ ಗಟ್ಟಿಯಾಗುತ್ತದೆ. ರೈಲು ಸೇತುವೆಗಳಲ್ಲಿ ತ್ರಿಕೋನಗಳ ಸಾಲು ಕಾಣುವುದು ಇದರಿಂದಲೇ.

ಮಾಡಿ ನೋಡಿ 3: ಅಡಿಕೆ ಮರದ ಹೊರಭಾಗ ಗಟ್ಟಿ, ಒಳಗಿನ ತಿರುಳು ಮೆದು. ಅದಕ್ಕೇ ದಬ್ಬೆಯ ಒಂದು ಮೈ ಗಟ್ಟಿ, ಇನ್ನೊಂದು ಮೈ ಮೆದು ಇರುತ್ತದೆ. ಸಂಕದ ಮೇಲೆ ಭಾರ ಬಿದ್ದಾಗ ಮೇಲಿನ ಮೈ ಒತ್ತಿ ಕುಗ್ಗುತ್ತದೆ, ಕೆಳಗಿನ ಮೈ ಎಳೆದು ಹಿಗ್ಗುತ್ತದೆ. ಹಾಗಾದರೆ ಗಟ್ಟಿ ಮೈ ಮೇಲಿರಬೇಕೋ, ಕೆಳಗಿರಬೇಕೋ? ಒಂದೇ ಅಳತೆಯ ತುಂಡುಗಳನ್ನು ಎರಡೂ ಬಗೆಯಲ್ಲಿ ಇಟ್ಟು ಪರೀಕ್ಷಿಸಿ ನೀವೇ ಹೇಳಿ.

ಹೆಜ್ಜೆ 6: ಪರೀಕ್ಷಿಸಿ, ಮುರಿದು ನೋಡಿ

ಮಾದರಿಯನ್ನು ಅಂದ ನೋಡಲು ಮಾಡುವುದಲ್ಲ, ಪರೀಕ್ಷಿಸಲು ಮಾಡುವುದು. ಸಂಕದ ನಡುವೆ ಒಂದು ಚಿಕ್ಕ ಬಕೆಟ್ ಕಟ್ಟಿ ತೂಗುಹಾಕಿ. ಬಕೆಟ್ಟು ನೆಲದಿಂದ ಒಂದು ಗೇಣಿಗಿಂತ ಎತ್ತರ ಬೇಡ. ಕೆಳಗೆ ಗೋಣಿಚೀಲ ಹಾಸಿ. ಕಾಲುಗಳು ದೂರ ಇರಲಿ. ಈಗ ಅಳತೆಯ ಲೋಟದಲ್ಲಿ ಕಾಲು ಕಾಲು ಲೀಟರ್ ನೀರು ಹಾಕುತ್ತ ಹೋಗಿ. 1 ಲೀಟರ್ ನೀರಿನ ತೂಕ 1 ಕಿಲೋ. ಹಾಗಾಗಿ ತಕ್ಕಡಿ ಇಲ್ಲದೆಯೇ ತೂಕ ತಿಳಿಯುತ್ತದೆ. ಖಾಲಿ ಬಕೆಟ್ಟಿನ ತೂಕ ಸೇರಿಸಲು ಮರೆಯಬೇಡಿ.

ಪರೀಕ್ಷೆಗೆ ಮೂರು ನಿಯಮಗಳಿವೆ.

ಒಂದು, ಒಂದೇ ಬಗೆಯ ಮಾದರಿಯನ್ನು ಮೂರು ಸಲ ಮಾಡಿ ಪರೀಕ್ಷಿಸಬೇಕು. ಮೊದಲನೆಯದು 3 ಕಿಲೋಗೆ, ಎರಡನೆಯದು ಎರಡೂವರೆ ಕಿಲೋಗೆ, ಮೂರನೆಯದು ಮೂರೂವರೆ ಕಿಲೋಗೆ ಮುರಿದರೆ ಸರಾಸರಿ 3 ಕಿಲೋ. ಒಂದೇ ಸಲದ ಫಲಿತಾಂಶ ನಂಬಿದರೆ ಮೋಸ ಹೋಗುತ್ತೇವೆ.

ಎರಡು, ಒಮ್ಮೆಗೆ ಒಂದನ್ನೇ ಬದಲಿಸಬೇಕು. ಕಡ್ಡಿಯನ್ನೂ ದಾರವನ್ನೂ ಒಟ್ಟಿಗೇ ಬದಲಿಸಿದರೆ ಯಾವುದರಿಂದ ಬಲ ಹೆಚ್ಚಿತು ಎಂದು ಗೊತ್ತಾಗುವುದಿಲ್ಲ.

ಮೂರು, ಎಲ್ಲಿ ಮುರಿಯಿತು, ಹೇಗೆ ಮುರಿಯಿತು ಎಂದು ಚಿತ್ರ ಬರೆದಿಡಬೇಕು. ಕಡ್ಡಿ ಮುರಿಯಿತೇ? ಕಟ್ಟು ಬಿಚ್ಚಿತೇ? ಸಂಕ ಮಗುಚಿತೇ? ಎಲ್ಲಿ ಸೋತಿತೋ ಅಲ್ಲೇ ಮುಂದಿನ ತಿದ್ದುಪಡಿ.

ದೊಡ್ಡ ಇಂಜಿನಿಯರುಗಳೂ ಹೀಗೆಯೇ ಕಲಿತಿದ್ದಾರೆ. ಅಮೆರಿಕದ ಟಕೋಮಾ ಎಂಬಲ್ಲಿ 1940ರ ಜುಲೈನಲ್ಲಿ ದೊಡ್ಡ ತೂಗುಸೇತುವೆಯೊಂದು ಸಂಚಾರಕ್ಕೆ ತೆರೆಯಿತು. ವಾಹನಗಳ ಭಾರ ಹೊರುವಷ್ಟು ಬಲ ಅದಕ್ಕಿತ್ತು. ಆದರೆ ಅದರ ಹಾದಿ ಬಹಳ ತೆಳುವಾಗಿತ್ತು. ಅದೇ ವರ್ಷ ನವೆಂಬರ್ 7ರಂದು ಬೀಸಿದ ಗಾಳಿಗೆ ಅದು ತಿರುಚಿ ತಿರುಚಿ ಕುಣಿದು ಕೊನೆಗೆ ಕುಸಿದುಬಿತ್ತು. ಆ ಮೇಲೆ ದೊಡ್ಡ ಸೇತುವೆಗಳ ಮಾದರಿಗಳನ್ನು ಗಾಳಿಯಲ್ಲೂ ಪರೀಕ್ಷಿಸುವುದು ರೂಢಿಯಾಯಿತು. ಅಲ್ಲಿಯೇ 1950ರಲ್ಲಿ ಹೆಚ್ಚು ಗಟ್ಟಿಯಾದ ಹೊಸ ಸೇತುವೆ ತೆರೆಯಿತು.

ಯೋಚಿಸಿ: ಮಾದರಿ ಹೇಳದ ಮಾತು

ನಮ್ಮ ಮಾದರಿಯ ಹತ್ತು ಪಟ್ಟು ದೊಡ್ಡ ಸಂಕ ಕಟ್ಟಿದರೆ ಅದರ ಬಲವೂ ಲೆಕ್ಕಕ್ಕೆ ಸರಿಯಾಗಿ ಹೆಚ್ಚುತ್ತದೆಯೇ? ಇಲ್ಲಿ ಹುಷಾರಾಗಿರಬೇಕು. ಉದ್ದ, ಅಗಲ, ಎತ್ತರ ಮೂರೂ ಹತ್ತು ಪಟ್ಟಾದರೆ ಸಂಕದ ಸ್ವಂತ ತೂಕ 10 × 10 × 10, ಅಂದರೆ 1000 ಪಟ್ಟಾಗುತ್ತದೆ. ಆದರೆ ಮರದ ಅಡ್ಡಕೊಯ್ತದ ವಿಸ್ತೀರ್ಣ 10 × 10, ಅಂದರೆ 100 ಪಟ್ಟು ಮಾತ್ರ. ತೂಕ ಏರಿದಷ್ಟು ವೇಗವಾಗಿ ಬಲ ಏರುವುದಿಲ್ಲ. ಇಟಲಿಯ ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾನೆ. ಜಿಂಕೆಯ ಕಾಲು ಸಪೂರ, ಆನೆಯ ಕಾಲು ಕಂಬದಂತೆ ದಪ್ಪ ಇರುವುದಕ್ಕೂ ಇದೇ ಕಾರಣ. ಆದ್ದರಿಂದ ಯಾವ ವಿನ್ಯಾಸ ಹೆಚ್ಚು ಒಳ್ಳೆಯದು ಎಂದು ಹೋಲಿಸಲು ಮಾತ್ರ ನಮ್ಮ ಮಾದರಿ ಸಾಕು. ನಿಜವಾದ ಸಂಕ ಎಷ್ಟು ಹೊರುತ್ತದೆ ಎಂಬುದನ್ನು ಇಂಜಿನಿಯರೇ ಲೆಕ್ಕ ಹಾಕಬೇಕು.

ಹೆಜ್ಜೆ 7: ತಿದ್ದಿ, ಮತ್ತೆ ಮಾಡಿ

ಈಗ ಮೊದಲಿನ ಪಟ್ಟಿಯನ್ನು ಮತ್ತೆ ತೆರೆಯಿರಿ. ಭಾರ ಹೊತ್ತರೆ ಸಾಕಾಯಿತೇ? ಮಳೆಗಾಲದ ಸಂಕಕ್ಕೆ ಬೇರೆ ಶತ್ರುಗಳೂ ಇವೆ.

ಮೊದಲನೆಯದು ಹಾವಸೆ. ಒದ್ದೆ ಮರದ ಮೇಲೆ ಪಾಚಿ ಬೆಳೆದು ಕಾಲು ಜಾರುತ್ತದೆ. ಸಂಕದ ಮೇಲೆ ಅಡ್ಡಪಟ್ಟಿಗಳನ್ನು ಕಟ್ಟಿದರೆ ಹೆಜ್ಜೆಗೆ ಹಿಡಿತ ಸಿಗುತ್ತದೆ. ಎರಡೂ ಕಡೆ ಹಿಡಿಕೆ ಇರಬೇಕು. ಅದು ಒಂದನೇ ತರಗತಿಯ ಮಗುವಿನ ಕೈಗೂ ಎಟುಕಬೇಕು.

ಎರಡನೆಯದು ಕೊಳೆಯುವಿಕೆ. ಒದ್ದೆ ಮಣ್ಣಿಗೆ ತಾಗಿದ ಮರದ ತುದಿ ಬೇಗ ಕೊಳೆಯುತ್ತದೆ. ತುದಿಗಳ ಕೆಳಗೆ ಕಲ್ಲು ಕಟ್ಟಿ ಮಣ್ಣಿನಿಂದ ಮೇಲೆತ್ತಿದರೆ ನೀರು ಜಾರಿಹೋಗಿ ಮರ ಒಣಗುತ್ತದೆ.

ಮೂರನೆಯದು ಪ್ರವಾಹ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ. ತೇಲಿಬಂದ ಕೊಂಬೆ ಸಂಕಕ್ಕೆ ಸಿಕ್ಕಿಕೊಂಡರೆ ಇನ್ನೂ ಕಷ್ಟ. ಹಾಗಾಗಿ ಸಂಕ ದರಕಿನ ಗುರುತಿಗಿಂತ ಎತ್ತರದಲ್ಲಿರಬೇಕು.

ಒಂದೊಂದು ತಿದ್ದುಪಡಿಗೂ ಮತ್ತೆ ಮಾದರಿ, ಮತ್ತೆ ಪರೀಕ್ಷೆ. ವಿನ್ಯಾಸದ ಹಾದಿ ನೇರ ರಸ್ತೆಯಲ್ಲ, ಸುತ್ತು ಹಾದಿ. ಎರಡು–ಮೂರು ಸುತ್ತು ಬಂದ ಮೇಲೆಯೇ ಒಳ್ಳೆಯ ವಿನ್ಯಾಸ ಸಿಗುತ್ತದೆ.

ತಂಡದಲ್ಲಿ ಯಾರ ಕೆಲಸ ಏನು?

ಅಳತೆ ಮಾಡುವವರು, ಸಾಮಾನು ನೋಡಿಕೊಳ್ಳುವವರು, ಕಟ್ಟುವವರು, ಬರೆದಿಡುವವರು ಎಂದು ಕೆಲಸ ಹಂಚಿಕೊಳ್ಳಿ. ವಾರಕ್ಕೊಮ್ಮೆ ಕೆಲಸ ಬದಲಿಸಿ. ಹುಡುಗಿಯರು ಬರೆಯುವುದು, ಹುಡುಗರು ಕಟ್ಟುವುದು ಎಂದು ಯಾವಾಗಲೂ ಆಗಬಾರದು. ಎಲ್ಲ ಅಳತೆ, ಎಲ್ಲ ಚಿತ್ರ, ಮುರಿದದ್ದೂ ಸೇರಿದಂತೆ ಎಲ್ಲ ಫಲಿತಾಂಶ ಒಂದೇ ಪುಸ್ತಕದಲ್ಲಿ ದಿನಾಂಕದ ಜೊತೆ ಇರಲಿ.

ಹೆಜ್ಜೆ 8: ಊರಿಗೆ ತಿಳಿಸಿ

ಸೆಪ್ಟೆಂಬರ್ 15 ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ. ನಮ್ಮ ದೇಶದಲ್ಲಿ ಅದು ಇಂಜಿನಿಯರುಗಳ ದಿನ. ಅಂದು ನಿಮ್ಮ ಮಾದರಿಗಳನ್ನು ಶಾಲೆಯಲ್ಲಿ ಪ್ರದರ್ಶನಕ್ಕಿಡಿ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಂಥ ಕಾರ್ಯಕ್ರಮಗಳಲ್ಲೂ ಊರಿನ ಸಮಸ್ಯೆಗಳ ಮೇಲೆ ಮಕ್ಕಳು ಮಾಡಿದ ಕೆಲಸಕ್ಕೆ ಬೆಲೆ ಇದೆ.

ನಿಜವಾದ ಸಂಕ ಕಟ್ಟುವುದು ನಿಮ್ಮ ಕೆಲಸವಲ್ಲ. ಅದು ಗ್ರಾಮ ಪಂಚಾಯಿತಿ ಮತ್ತು ಇಂಜಿನಿಯರುಗಳ ಕೆಲಸ. ಮಲೆನಾಡು, ಕರಾವಳಿಯ ಹಳ್ಳಗಳಿಗೆ ಕಾಲುಸೇತುವೆ ಕಟ್ಟಲು ಕರ್ನಾಟಕ ಸರ್ಕಾರ 'ಶಾಲಾ ಸಂಪರ್ಕ ಸೇತು' ಎಂಬ ಯೋಜನೆಯನ್ನೇ ರೂಪಿಸಿತ್ತು. ಆದರೆ ಯಾವ ಹಳ್ಳಕ್ಕೆ ಸಂಕ ಮೊದಲು ಬೇಕು ಎಂದು ಹೇಳಲು ನಿಮಗಿಂತ ಚೆನ್ನಾಗಿ ತಿಳಿದವರು ಯಾರು? ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಸೇರಿದಾಗ ಶಿಕ್ಷಕರ ನೆರವಿನಿಂದ ನಿಮ್ಮ ಪುಸ್ತಕ ತೆರೆದು ಓದಿ: ಹಳ್ಳದ ಅಗಲ ಇಷ್ಟು, ನೀರು ಏರಿದ ಮಟ್ಟ ಇಷ್ಟು, ದಿನವೂ ದಾಟುವ ಮಕ್ಕಳು ಇಷ್ಟು, ಕಳೆದ ಮಳೆಗಾಲದಲ್ಲಿ ಶಾಲೆ ತಪ್ಪಿದ ದಿನಗಳು ಇಷ್ಟು. 'ನಮಗೆ ಸಂಕ ಬೇಕು' ಎನ್ನುವ ಬರಿಯ ಮಾತಿಗಿಂತ ಈ ನಾಲ್ಕು ಅಂಕಿಗಳಿಗೆ ತೂಕ ಹೆಚ್ಚು.

ಅಭ್ಯಾಸ

1. ಒಂದು ಹಳ್ಳದ ಅಗಲ 6 ಮೀಟರ್. 1 ಮೀಟರಿಗೆ 10 ಸೆಂ.ಮೀ. ಪ್ರಮಾಣದಲ್ಲಿ ಮಾದರಿ ಮಾಡಲು ಬೆಂಚುಗಳನ್ನು ಎಷ್ಟು ದೂರ ಇಡಬೇಕು?

2. ಒಮ್ಮೆಗೆ 35 ಕಿಲೋ ತೂಕದ ನಾಲ್ಕು ಮಕ್ಕಳು ದಾಟುತ್ತಾರೆ. ಸುರಕ್ಷಾ ಗುಣಕ 3 ಆದರೆ ಸಂಕ ಎಷ್ಟು ಭಾರ ಹೊರುವಂತಿರಬೇಕು?

3. ನಿಮ್ಮೂರಿನ ಹಳೆಯ ಸಂಕಗಳ ಬಗ್ಗೆ ಮನೆಯ ಅಜ್ಜ, ಅಜ್ಜಿಯರನ್ನು ಕೇಳಿ. ಯಾವ ಮರ ಬಳಸುತ್ತಿದ್ದರು? ಎಷ್ಟು ವರ್ಷ ಬಾಳುತ್ತಿತ್ತು? ಬರೆದಿಡಿ.

4. ನಿಮ್ಮ ದಾರಿಯಲ್ಲಿ ಹಳ್ಳವಿಲ್ಲವೇ? ಹಾಗಾದರೆ ಮಳೆಗಾಲದಲ್ಲಿ ಕೊಡೆಗಳನ್ನು ಒಣಗಿಸುವ ಸ್ಟ್ಯಾಂಡು, ಕೈ ತೊಳೆದ ನೀರು ಹೂದೋಟಕ್ಕೆ ಹೋಗುವ ಕಾಲುವೆ, ಇಂಥ ಒಂದು ಶಾಲೆಯ ಸಮಸ್ಯೆಯನ್ನು ಆರಿಸಿಕೊಂಡು ಇದೇ ಎಂಟು ಹೆಜ್ಜೆಗಳಲ್ಲಿ ಬಿಡಿಸಿ.